ಕಾಲಕ್ಕೂ ಒಂದು ಊರಿನ ಹೆಸರು: ಧಾರವಾಡದಿಂದ ಮೇಘಾಲಯದವರೆಗೆ



ಧಾರವಾಡ ಅಂದ ತಕ್ಷಣ ನಿಮಗೇನು ನೆನಪಾಗುತ್ತೆ? ಪೇಡ. ಬೇಂದ್ರೆ ಅಜ್ಜ. ಜಿಟಿಜಿಟಿ ಮಳೆ. ಸಂಗೀತ. ಆದ್ರೆ ಭೂವಿಜ್ಞಾನ ಓದಿದವರ ಹತ್ತಿರ ಇದೇ ಪ್ರಶ್ನೆ ಕೇಳಿ, ಅವರು ಕೆನಡಾದಲ್ಲಿರಲಿ, ಆಸ್ಟ್ರೇಲಿಯಾದಲ್ಲಿರಲಿ, ಪೇಡದ ರುಚಿ ಗೊತ್ತಿಲ್ಲದಿದ್ರೂ ಧಾರವಾಡ ಗೊತ್ತಿರುತ್ತೆ. ಅವರ ಪಾಲಿಗೆ ಅದು 250 ಕೋಟಿ ವರ್ಷಕ್ಕೂ ಹಳೆಯ ಬಂಡೆಗಳ ಹೆಸರು. ಒಂದು ಕಾಲದಲ್ಲಂತೂ ಬಂಡೆಯ ಜೊತೆಗೆ ಕಾಲದ ಹೆಸರೂ ಅದೇ ಆಗಿತ್ತು. ‘ಧಾರವಾಡ ಕಾಲದಲ್ಲಿ’ ಅಂತ ಬರೀತಿದ್ರು, ನಾವು ‘ಹೊಯ್ಸಳರ ಕಾಲದಲ್ಲಿ’ ಅಂತೀವಲ್ಲ, ಹಾಗೆ.

ಇವತ್ತು ಮಾತಾಡೋಕೆ ಹೊರಟಿರೋದು ಇದನ್ನೇ. ಭೂಮಿಯ ಇತಿಹಾಸ ಸುಮಾರು 454 ಕೋಟಿ ವರ್ಷದ್ದು. ಅದನ್ನ ಭಾಗ ಮಾಡಿ ಹೆಸರಿಡೋಕೆ ಇಡೀ ಜಗತ್ತಿಗೆ ಒಂದು ಕಾಲಮಾನ ಪಟ್ಟಿ ಇದೆ. ಕೇಂಬ್ರಿಯನ್, ಡೆವೋನಿಯನ್, ಪರ್ಮಿಯನ್, ಸಿನಿಮಾ ದೆಸೆಯಿಂದ ಎಲ್ಲರಿಗೂ ಪರಿಚಯ ಇರೋ ಜುರಾಸಿಕ್. ಇಷ್ಟಿದ್ದೂ ಒಂದೊಂದು ದೇಶ ತನ್ನದೇ ಆದ ಸ್ಥಳೀಯ ಪಟ್ಟಿ ಇಟ್ಕೊಂಡಿದೆ. ಯಾಕೆ? ಜಾಗತಿಕ ಪಟ್ಟಿ ಇರೋವಾಗ ಧಾರವಾಡ, ವಿಂಧ್ಯ, ಕಲಾದಗಿ, ಗೊಂಡ್ವಾನ ಅಂತೆಲ್ಲ ಯಾಕೆ ಬೇಕು?

ಹಳ್ಳಿಯಲ್ಲಿ ತುಂಬಾ ವಯಸ್ಸಾದ ಅಜ್ಜಿಯರನ್ನ ‘ಯಾವಾಗ ಹುಟ್ಟಿದ್ರಿ’ ಅಂತ ಕೇಳಿ ನೋಡಿ. 1938 ಅಂತ ಹೇಳಲ್ಲ. ‘ಕೆರೆ ಒಡೀತಲ್ಲ, ಅದರ ಮುಂದಿನ ವರ್ಷ’ ಅಂತಾರೆ. ‘ದೊಡ್ಡ ಬರ ಬಂದಾಗ ನಿಮ್ಮಣ್ಣ ಕೂಸು’ ಅಂತಾರೆ. ಆ ಊರಿನವರಿಗೆ ಇದು ಪಕ್ಕಾ ಲೆಕ್ಕ. ಯಾರು ಹಿರಿಯ, ಯಾರು ಕಿರಿಯ, ಯಾವ ಮದುವೆ ಮೊದಲು, ಎಲ್ಲ ಸರಿಯಾಗಿ ಕೂರುತ್ತೆ. ಪಕ್ಕದೂರಿಗೆ ಹೋದ್ರೆ ಕಷ್ಟ. ಅವರ ಕೆರೆ ಒಡೆದಿಲ್ಲ, ಅವರ ಲೆಕ್ಕ ರಥ ಸುಟ್ಟ ವರ್ಷದಿಂದ ಶುರು. ಎರಡೂರಿನ ಲೆಕ್ಕ ಕೂಡಿಸ್ಬೇಕು ಅಂದ್ರೆ ಎರಡೂ ಕಡೆ ಗೊತ್ತಿರೋ ಒಂದು ಘಟನೆ ಬೇಕು. ಬರ ಎರಡೂರಿಗೂ ಬಂದಿತ್ತಾ? ಹಾಗಾದ್ರೆ ಅದನ್ನ ಹಿಡ್ಕೊಂಡು ಹೊಂದಿಸಬಹುದು.

ಭೂವಿಜ್ಞಾನಿಗಳು ಬಂಡೆಗಳ ಜೊತೆ ಮಾಡೋದು ಇದನ್ನೇ.

ಮೊದಲು ಒಂದು ಭ್ರಮೆ ಕಳೀಬೇಕು. ಜಾಗತಿಕ ಹೆಸರುಗಳೆಲ್ಲ ಆಕಾಶದಿಂದ ಬಿದ್ದಿಲ್ಲ, ಅವೂ ಊರಿನ ಹೆಸರೇ. ಡೆವೋನಿಯನ್ ಅಂದ್ರೆ ಇಂಗ್ಲೆಂಡಿನ ಡೆವನ್ ಅನ್ನೋ ಒಂದು ಕೌಂಟಿ, ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆ. ಕೇಂಬ್ರಿಯನ್ ಅಂದ್ರೆ ವೇಲ್ಸ್ ನಾಡಿನ ಹಳೆಯ ಲ್ಯಾಟಿನ್ ಹೆಸರು. ಪರ್ಮಿಯನ್ ಅಂದ್ರೆ ರಷ್ಯಾದ ಪರ್ಮ್ ಪ್ರಾಂತ್ಯ, 1841ರಲ್ಲಿ ಮರ್ಚಿಸನ್ ಅಲ್ಲಿ ಸುತ್ತಾಡಿ ಬಂದು ಇಟ್ಟ ಹೆಸರು. ಜುರಾಸಿಕ್ ಅಂದ್ರೆ ಫ್ರಾನ್ಸ್-ಸ್ವಿಟ್ಜರ್ಲೆಂಡ್ ಗಡಿಯ ಜುರಾ ಬೆಟ್ಟ. ಡೆವನ್ ಇಡೀ ಜಗತ್ತಿನ ಕಾಲದ ಹೆಸರಾಯ್ತು, ಧಾರವಾಡ ಆಗಲಿಲ್ಲ. ಬ್ರಿಟಿಷರ ದರ್ಬಾರು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದ್ರೆ ದೊಡ್ಡ ಕಾರಣ ಬೇರೆ: ಪಳೆಯುಳಿಕೆ.

ಡೆವನ್‌ನ ಬಂಡೆಯಲ್ಲಿ ಹವಳ, ಚಿಪ್ಪುಜೀವಿಗಳ ಗುರುತು ಇವೆ. ಅಂಥದೇ ಚಿಪ್ಪು ಜರ್ಮನಿಯಲ್ಲೋ ಅಮೆರಿಕದಲ್ಲೋ ಸಿಕ್ಕಿದ್ರೆ ‘ಓ, ಇದೂ ಅದೇ ಕಾಲದ್ದು’ ಅಂತ ಹೇಳಬಹುದು. ಎರಡೂರಿಗೂ ಗೊತ್ತಿರೋ ಬರಗಾಲ ಇದ್ದ ಹಾಗೆ. ನಮ್ಮ ಧಾರವಾಡದ ಬಂಡೆಗಳು ರೂಪುಗೊಂಡಾಗ ಭೂಮಿ ಮೇಲೆ ಪ್ರಾಣಿಯೇ ಇರಲಿಲ್ಲ. ಇದ್ದದ್ದು ಸೂಕ್ಷ್ಮಜೀವಿ. ಅವು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಅನ್ನೋ ರಚನೆಗಳು ತುಮಕೂರು ಜಿಲ್ಲೆಯ ದೊಡ್ಡಗುಣಿ, ಶಿವಮೊಗ್ಗದ ಕುಂಸಿ ಕಡೆ ಸುಣ್ಣದಕಲ್ಲಿನಲ್ಲಿ ಸಿಗುತ್ವೆ. ಕತ್ತರಿಸಿದ ಎಲೆಕೋಸಿನ ಥರ ಕಾಣುತ್ತೆ. ಕಾಲದ ಚೀಟಿ ಅಂತ ನೋಡಿದ್ರೆ ಅದು ಅಷ್ಟೊಂದು ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಅಂಥ ರಚನೆಗಳು ನೂರಾರು ಕೋಟಿ ವರ್ಷ ಹೆಚ್ಚುಕಡಿಮೆ ಒಂದೇ ಥರ ಬೆಳೆದಿವೆ.

ಅಂದ್ರೆ ಪಕ್ಕದೂರಿನ ಲೆಕ್ಕಕ್ಕೆ ತಾಳೆ ಹಾಕೋಕೆ ಏನೂ ಇಲ್ಲ. ಆಗ ಪ್ರಾಮಾಣಿಕವಾಗಿ ಮಾಡಬಹುದಾದ ಕೆಲಸ ಒಂದೇ: ಈ ಊರಿನ ಬಂಡೆಗೆ ಈ ಊರಿನ ಹೆಸರಿಟ್ಟು, ಯಾವುದು ಕೆಳಗೆ, ಯಾವುದು ಮೇಲೆ ಅಂತ ಬರೆದಿಡೋದು.

ಹಾಗೆ ಬರೆದಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ಹೆಸರು ಕೇಳಿರಬಹುದು. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿ ಹುಡುಕಿದವನು ಇವನೇ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ. ಬಾಗಲಕೋಟೆ ಕಡೆಯ ಪದರಗಳನ್ನ ಕಲಾದಗಿ ಅಂತ 1876ರ ವರದಿಯಲ್ಲಿ ವಿವರಿಸಿದ. 1880ರ ದಶಕದಲ್ಲಿ ಧಾರವಾಡ, ಬಳ್ಳಾರಿ, ಮೈಸೂರು ಸೀಮೆಯಲ್ಲಿ ಉದ್ದುದ್ದ ಪಟ್ಟಿಗಳ ಹಾಗೆ ಹರಡಿರೋ ಕಪ್ಪು-ಹಸಿರು ಶಿಸ್ಟ್ ಬಂಡೆಗಳಿಗೆ ‘ಧಾರವಾಡ ಸಿಸ್ಟಮ್’ ಅಂತ ಹೆಸರಿಟ್ಟ. ಅವನ ಲೇಖನದ ಶೀರ್ಷಿಕೆಯಲ್ಲೇ ‘ದಕ್ಷಿಣ ಭಾರತದ ಮುಖ್ಯ ಚಿನ್ನದ ಶಿಲೆ’ ಅನ್ನೋ ಅರ್ಥದ ಮಾತಿದೆ. ಸರ್ಕಾರ, ಕಂಪನಿಗಳು ಕಿವಿ ನಿಮಿರಿಸಿದ್ದು ಅದಕ್ಕೇ ಇರಬೇಕು. ನಕ್ಷೆಯಲ್ಲಿ ಧಾರವಾಡದ ಬಣ್ಣ ಎಲ್ಲಿದೆಯೋ ಅಲ್ಲಿ ಚಿನ್ನ ಹುಡುಕು. ಕೋಲಾರ, ಹಟ್ಟಿ ಎರಡೂ ಆ ಬಣ್ಣದೊಳಗೇ ಬಂದವು.

ಇಲ್ಲಿಂದ ಜಗಳ ಶುರು. ನನಗೆ ತುಂಬಾ ಇಷ್ಟದ ಭಾಗ ಇದು.

ಕರ್ನಾಟಕದ ನೆಲದಲ್ಲಿ ದೊಡ್ಡದಾಗಿ ಎರಡು ಥರದ ಹಳೆಯ ಬಂಡೆ. ಒಂದು ಈ ಧಾರವಾಡದ ಪಟ್ಟಿಗಳು. ಇನ್ನೊಂದು, ಪಟ್ಟಿಗಳ ನಡುವೆ, ಸುತ್ತಮುತ್ತ ಎಲ್ಲೆಲ್ಲೂ ಇರೋ ಬೂದು-ಬಿಳಿ ಗೆರೆಗಳ ನೈಸ್ ಶಿಲೆ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಸಂಜೆ ಹೊತ್ತು ಎಲ್ಲರೂ ಸೆಲ್ಫಿ ತೆಗೆಯೋ ಆ ಬಂಡೆ, ಅದೇ ನೈಸ್. ಈಗ ಪ್ರಶ್ನೆ: ಧಾರವಾಡ ಮತ್ತು ನೈಸ್, ಎರಡರಲ್ಲಿ ದೊಡ್ಡವರು ಯಾರು?

ಫೂಟ್ ಹೇಳಿದ: ನೈಸ್ ದೊಡ್ಡದು. ಅದು ತಳಪಾಯ, ಧಾರವಾಡದ ಪದರಗಳು ಅದರ ಮೇಲೆ ಬಂದು ಕೂತಿವೆ.

ಮುಂದೆ ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ಶುರು ಮಾಡ್ತು. ಮೊದಲು ಅದನ್ನ ಕಟ್ಟಿದವನೂ ಫೂಟೇ. ಅವನ ನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಪೂರ್ತಿ ಉಲ್ಟಾ ಹೇಳಿದ. 1916ರಲ್ಲಿ ಅವನು ಬರೆದ ಮೈಸೂರಿನ ಭೂ ಇತಿಹಾಸದಲ್ಲಿ ಧಾರವಾಡವೇ ಎಲ್ಲಕ್ಕಿಂತ ಹಳೆಯದು. ನೈಸ್ ಆಮೇಲೆ ಕೆಳಗಿಂದ ಕರಗಿದ ಶಿಲೆಯಾಗಿ ನುಗ್ಗಿ ಬಂದಿದ್ದು. ‘ಪೆನಿನ್ಸುಲರ್ ನೈಸ್’ ಅನ್ನೋ ಹೆಸರು ಕೊಟ್ಟವನೂ ಅವನೇ.

ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಿದ್ದ ಅಂದ್ಕೊಂಡ್ರಾ? ಇಬ್ಬರ ಸಾಕ್ಷಿಯೂ ನೆಲದ ಮೇಲೇ ಇತ್ತು. ಸ್ಮೀತ್ ಪರ ಸಾಕ್ಷಿ: ಎಷ್ಟೋ ಕಡೆ ನೈಸ್‌ನ ಹೊಟ್ಟೆಯೊಳಗೆ ಶಿಸ್ಟ್‌ನ ತುಂಡುಗಳು ಸಿಕ್ಕಿಹಾಕ್ಕೊಂಡಿವೆ. ಮೈಸೂರ್‌ಪಾಕ್ ಒಳಗೆ ಗೋಡಂಬಿ ಇದ್ರೆ, ಗೋಡಂಬಿ ಮೊದಲೇ ಇತ್ತು, ಪಾಕ ಆಮೇಲೆ ಸುರಿದದ್ದು ಅಂತ ತಾನೇ ಅರ್ಥ? ಫೂಟ್ ಪರ ಸಾಕ್ಷಿ: ಧಾರವಾಡದ ಪದರಗಳ ಬುಡದಲ್ಲಿ ಕಾಂಗ್ಲೊಮರೇಟ್ ಇದೆ, ಅಂದ್ರೆ ಹೊಳೆಯ ಉರುಟುಕಲ್ಲುಗಳು ಅಂಟಿಕೊಂಡು ಆದ ಬಂಡೆ. ಚಿಕ್ಕಮಗಳೂರು ಜಿಲ್ಲೆಯ ಕಲ್ದುರ್ಗದ ಕಾಂಗ್ಲೊಮರೇಟ್‌ನಲ್ಲಿ ಗ್ರಾನೈಟ್, ನೈಸ್ ಉರುಟುಗಳೂ ಇವೆ. ಹೊಳೆ ಅವನ್ನ ಉರುಳಿಸಿ ತಂದಿದೆ ಅಂದ್ರೆ ನೈಸ್ ಆಗಲೇ ಬೆಟ್ಟವಾಗಿ ನಿಂತಿರಬೇಕಲ್ಲ!

ಇದಕ್ಕೆ ಸ್ಮೀತ್ ಕಾಲದ ಇಲಾಖೆಯ ಉತ್ತರ ಕೇಳಿ. ಇವು ಹೊಳೆಯ ಕಲ್ಲೇ ಅಲ್ಲ, ಒತ್ತಡಕ್ಕೆ ಬಂಡೆ ನುಜ್ಜುಗುಜ್ಜಾಗಿ ಉರುಳಿ ಆ ಆಕಾರಕ್ಕೆ ಬಂದ ಚೂರುಗಳು ಅಂದ್ರು. ಧಾರವಾಡದಲ್ಲಿ ನೀರಿನಲ್ಲಿ ಶೇಖರವಾದ ಪದರವೇ ಇಲ್ಲ, ಎಲ್ಲ ಅಗ್ನಿಶಿಲೆ ಅನ್ನೋವರೆಗೂ ವಾದ ಹೋಗಿತ್ತು. ಒಂದು ಸಿದ್ಧಾಂತ ಗಟ್ಟಿಯಾಗಿ ಕೂತರೆ ಕಣ್ಣೆದುರಿನ ಉರುಟುಕಲ್ಲೂ ಉರುಟುಕಲ್ಲಾಗಿ ಕಾಣಲ್ಲ. ಹಿಂದಿನವರನ್ನ ಆಡಿಕೊಳ್ಳೋಕೆ ಇದನ್ನ ಹೇಳ್ತಿಲ್ಲ, ಅವರ ಹತ್ತಿರ ವಯಸ್ಸು ಅಳೆಯೋ ಗಡಿಯಾರವೇ ಇರಲಿಲ್ಲ. ಮುಂದಿನ ದಶಕಗಳಲ್ಲಿ ಅದೇ ಇಲಾಖೆಯವರು ಸಮುದ್ರದ ಅಲೆಗುರುತು, ಓರೆಪದರ ಎಲ್ಲ ಗುರುತಿಸಿದ್ರು. 1940ರಲ್ಲಿ ಬಿ. ರಾಮರಾಯರು ಮೈಸೂರಿನ ಆರ್ಕಿಯನ್ ಶಿಲೆಗಳ ಬಗ್ಗೆ ಬರೆದ ದೊಡ್ಡ ವರದಿ ಹೊತ್ತಿಗೆ ನೀರಿನಲ್ಲಾದ ಶಿಲೆಗಳಿಗೂ ಅಲ್ಲಿ ಜಾಗ ಸಿಕ್ಕಿತ್ತು. ಆದ್ರೂ ‘ದೊಡ್ಡವರು ಯಾರು’ ಪ್ರಶ್ನೆ ಮುಗೀಲಿಲ್ಲ.

ಮುಗಿದಿದ್ದು 1970ರ ದಶಕದಲ್ಲಿ, ಅದೂ ಚೆನ್ನಾಗಿ ಮುಗೀತು. ಸರ್ವೇಕ್ಷಣೆಯ ಸ್ವಾಮಿನಾಥ್, ರಾಮಕೃಷ್ಣನ್ ಮತ್ತು ಜೊತೆಗಾರರು ಹೇಳಿದ್ರು: ನೀವು ಧಾರವಾಡ ಅಂತ ಒಂದೇ ಹೆಸರಲ್ಲಿ ಕರೀತಿರೋದು ಎರಡು ಬೇರೆ ಬೇರೆ ತಲೆಮಾರು. ಒಂದು ತೀರಾ ಹಳೆಯದು, ನೈಸ್‌ನ ಒಳಗೆ ಗೋಡಂಬಿ ಥರ ಸಿಕ್ಕಿಕೊಂಡಿರೋದು. ಅದಕ್ಕೆ ಆಗ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ಹೆಸರು ಬಂತು, ಸರಗೂರು ಗುಂಪು. ಇನ್ನೊಂದು ಅದಕ್ಕಿಂತ ಕಿರಿಯದು, ನೈಸ್ ಗಟ್ಟಿಯಾದ ಮೇಲೆ ಅದರ ಮೇಲೆ ಶೇಖರವಾದದ್ದು. ಧಾರವಾಡ ಅನ್ನೋ ಹೆಸರು ಇದಕ್ಕೆ ಮಾತ್ರ. ಅದರೊಳಗೆ ಕೆಳಗಿನದು ಬಾಬಾಬುಡನ್ ಗುಂಪು, ಮೇಲಿನದು ಚಿತ್ರದುರ್ಗ ಗುಂಪು. ಅಂದ್ರೆ ಸ್ಮೀತ್ ನೋಡಿದ್ದು ಅಜ್ಜನ್ನ, ಫೂಟ್ ನೋಡಿದ್ದು ಮೊಮ್ಮಗನ್ನ. ಇಬ್ಬರೂ ಒಂದೇ ಮನೆತನದ ಹೆಸರು ಹೇಳಿ ಜಗಳ ಆಡ್ತಿದ್ರು.

ವಯಸ್ಸು ಅಳೆಯೋ ಗಡಿಯಾರವೂ ಅಷ್ಟು ಹೊತ್ತಿಗೆ ಬಂದಿತ್ತು. ವಿಕಿರಣ ಧಾತುಗಳು ಗೊತ್ತಾದ ವೇಗದಲ್ಲಿ ಕ್ಷಯಿಸುತ್ವೆ ಅನ್ನೋದೇ ಅದರ ಆಧಾರ. ಅದರಲ್ಲಿ ನಿಖರವಾದದ್ದು ಜಿರ್ಕಾನ್ ಅನ್ನೋ ಮರಳಿನ ಕಾಳಿನಷ್ಟು ಸಣ್ಣ ಹರಳು. ಹುಟ್ಟುವಾಗ ಯುರೇನಿಯಂನ ಒಳಗೆ ಬಿಟ್ಕೊಳ್ಳುತ್ತೆ, ಸೀಸವನ್ನ ಬಿಟ್ಕೊಳ್ಳಲ್ಲ. ಆಮೇಲೆ ಒಳಗಿರೋ ಯುರೇನಿಯಂ ನಿಧಾನಕ್ಕೆ ಸೀಸ ಆಗ್ತಾ ಹೋಗುತ್ತೆ. ಯುರೇನಿಯಂ-238ರ ಅರ್ಧ ಭಾಗ ಹಾಗಾಗೋಕೆ ಸುಮಾರು 447 ಕೋಟಿ ವರ್ಷ ಬೇಕು. ಈಗ ಎಷ್ಟು ಸೀಸ ಇದೆ ಅಂತ ಅಳೆದ್ರೆ ಹರಳಿನ ವಯಸ್ಸು ಸಿಕ್ತು. ಇಂಥ ಲೆಕ್ಕಗಳ ಪ್ರಕಾರ ಸರಗೂರು ಗುಂಪು 300 ಕೋಟಿ ವರ್ಷಕ್ಕೂ ಹಳೆಯದು. ಧಾರವಾಡ ಹೆಚ್ಚುಕಡಿಮೆ 290ರಿಂದ 250 ಕೋಟಿ ವರ್ಷದ ನಡುವಿನದು. ನೈಸ್ ಕೂಡ ಒಂದೇ ಸಲಕ್ಕೆ ಆಗಿದ್ದಲ್ಲ, ಹಾಸನದ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷದ್ದು. ಹೌದು, ಗೊರೂರು ರಾಮಸ್ವಾಮಿ ಅಯ್ಯಂಗಾರರ ಅದೇ ಗೊರೂರು.

ಇಷ್ಟೆಲ್ಲ ಆದ ಮೇಲೆ ಒಂದು ಸಣ್ಣ ಬದಲಾವಣೆ ನಡೀತು, ಕೇಳೋಕೆ ಬರೀ ವ್ಯಾಕರಣದ ಥರ ಇದೆ. ‘ಧಾರವಾಡ ಸಿಸ್ಟಮ್’ ಹೋಗಿ ‘ಧಾರವಾಡ ಸೂಪರ್‌ಗ್ರೂಪ್’ ಆಯ್ತು. ಸಿಸ್ಟಮ್ ಅಂದ್ರೆ ಒಂದು ಕಾಲಾವಧಿಯ ಬಂಡೆ ಅಂತ ಅರ್ಥ. ಸೂಪರ್‌ಗ್ರೂಪ್ ಅಂದ್ರೆ ಬರೀ ಬಂಡೆಗಳ ಕಟ್ಟು, ವಯಸ್ಸು ಎಷ್ಟು ಅನ್ನೋದನ್ನ ಬೇರೆಯಾಗಿ ಅಳೆದು ಹೇಳ್ಬೇಕು. ಬಂಡೆಯ ಹೆಸರು ಬೇರೆ, ಕಾಲದ ಹೆಸರು ಬೇರೆ ಅನ್ನೋ ಎಚ್ಚರ ಅದು. ಈಗ ಅಷ್ಟು ಹಳೆಯ ಕಾಲಕ್ಕೆ ಜಗತ್ತೆಲ್ಲ ಬಳಸೋ ಗೆರೆ ಒಂದು ಸಂಖ್ಯೆ ಮಾತ್ರ: 250 ಕೋಟಿ ವರ್ಷದ ಆಚೆ ಆರ್ಕಿಯನ್, ಈಚೆ ಪ್ರೋಟೆರೊಜೋಯಿಕ್.

ರಾಮನಗರದ ಬೆಟ್ಟಗಳು ಈ ಗೆರೆಯ ಹತ್ತಿರವೇ ಹುಟ್ಟಿದ್ದು. ‘ಶೋಲೆ’ಯ ಗಬ್ಬರ್ ಕೂತಿದ್ದ ಬಂಡೆ. ಅದರ ಶಿಲೆಯ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್, ವಯಸ್ಸು ಸುಮಾರು 252 ಕೋಟಿ. ಕ್ಲೋಸ್‌ಪೇಟೆ ಅನ್ನೋದು ರಾಮನಗರದ ಹಳೆಯ ಹೆಸರು, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಇಂದ ಬಂದದ್ದು. ಊರು ರಾಮನಗರ ಆಯ್ತು, ಜಿಲ್ಲೆಯನ್ನ ಬೆಂಗಳೂರು ದಕ್ಷಿಣ ಅಂತ ಕರೆಯೋ ತೀರ್ಮಾನ 2025ರಲ್ಲಿ ಆಯ್ತು. ಗ್ರಾನೈಟ್ ಮಾತ್ರ ಕ್ಲೋಸ್‌ಪೇಟೆಯಲ್ಲೇ ಇದೆ. ಬಂಡೆಯ ಹೆಸರಿಗೆ ಕ್ಯಾಬಿನೆಟ್ ತೀರ್ಮಾನ ತಟ್ಟಲ್ಲ.

ಈಗ ಸ್ವಲ್ಪ ದೊಡ್ಡ ನಕ್ಷೆಗೆ ಬರೋಣ. ಇಡೀ ಭಾರತಕ್ಕೇ ಒಂದು ಸ್ವಂತ ಕಾಲಪಟ್ಟಿ ಮಾಡೋಕೆ ಹೊರಟವನು ಥಾಮಸ್ ಹಾಲೆಂಡ್, ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಸರ್ವೇಕ್ಷಣೆಯ ನಿರ್ದೇಶಕ. ಅವನ ಪಟ್ಟಿಯಲ್ಲಿ ನಾಲ್ಕು ಭಾಗ: ಆರ್ಕಿಯನ್, ಪುರಾಣ, ದ್ರವಿಡಿಯನ್, ಆರ್ಯನ್. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ. ಕೇಂಬ್ರಿಯನ್‌ನಿಂದ ಕಾರ್ಬಾನಿಫೆರಸ್ ಮಧ್ಯದವರೆಗೆ ದ್ರವಿಡಿಯನ್, ಅಲ್ಲಿಂದ ಈಚೆಗೆ ಆರ್ಯನ್. ಆ ಕಾಲದ ಜನಾಂಗ ಸಿದ್ಧಾಂತವನ್ನ ಎತ್ತಿ ಕಲ್ಲಿನ ತಲೆಗೆ ಕಟ್ಟಿದ ಹಾಗಿದೆ. ಮನುಷ್ಯ ಅನ್ನೋ ಪ್ರಾಣಿಯೇ ಇಲ್ಲದ ಕಾಲಕ್ಕೆ ಆ ಹೆಸರುಗಳು! ದ್ರವಿಡಿಯನ್, ಆರ್ಯನ್ ಎರಡೂ ಬಳಕೆಯಿಂದ ಬಿದ್ದುಹೋದವು, ಒಳ್ಳೇದೇ ಆಯ್ತು.

ಪುರಾಣ ಮಾತ್ರ ಉಳ್ಕೊಂಡಿದೆ. ಕಲಾದಗಿ, ಕಲಬುರಗಿ ಕಡೆಯ ಭೀಮಾ, ಆಂಧ್ರದ ಕಡಪ, ಮಧ್ಯ ಭಾರತದ ವಿಂಧ್ಯ, ಇವನ್ನೆಲ್ಲ ಸೇರಿಸಿ ಇವತ್ತೂ ಪುರಾಣ ಜಲಾನಯನಗಳು ಅಂತಾರೆ. ಇದನ್ನ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋ ಮುಂಚೆ ಒಂದು ಮಾತು: ವಿಷ್ಣುಪುರಾಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಳೆಯದು ಅನ್ನೋ ಅರ್ಥದಲ್ಲಿ ಹಾಲೆಂಡ್ ಆರಿಸಿಕೊಂಡ ಸಂಸ್ಕೃತ ಪದ, ಅಷ್ಟೇ.

ಆ ಪದ ಉಳಿದದ್ದಕ್ಕೆ ಕಾರಣ ಇದೆ. ಬಾದಾಮಿಗೆ ಹೋಗಿದ್ದೀರಲ್ಲ? ಚಾಲುಕ್ಯರು ಆರನೇ ಶತಮಾನದಲ್ಲಿ ಗುಹೆ ಕೊರೆದ ಕೆಂಪು ಮರಳುಗಲ್ಲು ಕಲಾದಗಿ ಶಿಲೆಗಳಲ್ಲಿ ಮೇಲಿನ ಭಾಗ. ಅದೇ ಬಾದಾಮಿ ಗುಂಪು. ಅದರ ಕೆಳಗಿನ ಬಾಗಲಕೋಟೆ ಗುಂಪಿನ ಪದರಗಳು ಮಡಿಚಿ ವಾಲಿಕೊಂಡಿವೆ, ಮೇಲಿನವು ಮಾತ್ರ ಹಾಸಿದ ಚಾಪೆ ಥರ ಹೆಚ್ಚುಕಡಿಮೆ ಸಮತಟ್ಟು. ಅಂದ್ರೆ ಮಧ್ಯೆ ಭೂಮಿ ಮಡಿಚಿ, ಸವೆದು, ಮತ್ತೆ ಮರಳು ಬೀಳೋವರೆಗೆ ಕಾಲ ಹೋಗಿದೆ. ಇದ್ಯಾವುದೂ ಯುರೋಪಿನ ಪಟ್ಟಿಯ ಯಾವ ಗೆರೆಗೂ ಹೊಂದಲ್ಲ. ಇನ್ನೂ ವಿಚಿತ್ರ ಏನು ಗೊತ್ತಾ? ಪುರಾಣ ಶಿಲೆಗಳ ನಂತರ ಉತ್ತರ ಕರ್ನಾಟಕದಲ್ಲಿ ನೀವು ಕಾಣೋ ಮುಂದಿನ ದೊಡ್ಡ ಶಿಲೆ ದಖನ್ನಿನ ಲಾವಾ, ಬೀದರ್-ವಿಜಯಪುರದ ಕಪ್ಪು ಕಲ್ಲು, ಸುಮಾರು 6.6 ಕೋಟಿ ವರ್ಷದ್ದು. ನಡುವಿನ ಪುಟಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಜುರಾಸಿಕ್ ಕಾಲದ ಪದರಶಿಲೆ ಕರ್ನಾಟಕದಲ್ಲಿ ಇಲ್ಲ. ಡೈನೋಸಾರ್ ಮೂಳೆ ಹುಡುಕೋ ಆಸೆ ಇರೋರು ಗುಜರಾತ್, ಮಧ್ಯಪ್ರದೇಶದ ಟಿಕೆಟ್ ತಗೋಬೇಕು.

ಪೂರ್ವ, ಮಧ್ಯ ಭಾರತದ ಕಲ್ಲಿದ್ದಲ ನಾಡಿಗೆ ಹೋದ್ರೆ ಇನ್ನೊಂದು ಕಥೆ, ಗೊಂಡ್ವಾನ. ಗೊಂಡರ ನಾಡು ಅಂತ ಹೆಸರು. ತಳದಲ್ಲಿ ಒಡಿಶಾದ ತಾಲ್ಚೇರ್ ಹೆಸರಿನ ಪದರ. ಅದು ಹಿಮನದಿ ಬಿಟ್ಟುಹೋದ ಕಲ್ಲುರಾಶಿ ಅಂತ 1856ರಲ್ಲೇ ಗುರುತಿಸಿದ್ರು. ಮೇಲೆ ಕಲ್ಲಿದ್ದಲು, ಅದರ ಮೇಲೆ ನದಿಯ ಮರಳು. ಕಾರ್ಬಾನಿಫೆರಸ್‌ನ ಕೊನೆಯಿಂದ ಪರ್ಮಿಯನ್, ಟ್ರಯಾಸಿಕ್, ಜುರಾಸಿಕ್ ದಾಟಿ ಕ್ರಿಟೇಶಿಯಸ್‌ವರೆಗೆ ಒಂದೇ ಹೆಸರಿನ ಕಥೆ. ಯುರೋಪಿನ ಪಟ್ಟಿ ಅದನ್ನ ಐದು ತುಂಡು ಮಾಡುತ್ತೆ. ನಿಮ್ಮ ಮೊಬೈಲ್ ಚಾರ್ಜ್ ಆಗ್ತಿರೋ ಕರೆಂಟ್‌ನಲ್ಲಿ ಈ ಗೊಂಡ್ವಾನದ ಪಾಲು ದೊಡ್ಡದು, ಭಾರತದ ಕಲ್ಲಿದ್ದಲಿನ ಬಹುಪಾಲು ಅಲ್ಲಿಂದಲೇ ಬರೋದು.

ನಮಗೊಬ್ಬರಿಗೇ ಈ ಹಠ ಅಂತ ಅಂದ್ಕೋಬೇಡಿ. ನ್ಯೂಜಿಲೆಂಡ್ ದ್ವೀಪ ಒಂಟಿಯಾಗಿತ್ತು, ಅಲ್ಲಿನ ಚಿಪ್ಪುಜೀವಿಗಳೇ ಬೇರೆ. ಅದಕ್ಕೆ ಅವರು ಮಾವೊರಿ ಊರುಗಳ ಹೆಸರಿನ ತಮ್ಮದೇ ಹಂತಗಳನ್ನ ಇವತ್ತಿಗೂ ಬಳಸ್ತಾರೆ. ಅಮೆರಿಕದವರು ಕಾರ್ಬಾನಿಫೆರಸ್ ಅನ್ನೋ ಬದಲು ಮಿಸಿಸಿಪಿಯನ್, ಪೆನ್ಸಿಲ್ವೇನಿಯನ್ ಅಂತಲೇ ಪಟ್ಟು ಹಿಡಿದು ಕೊನೆಗೆ ಜಾಗತಿಕ ಪಟ್ಟಿಯಲ್ಲೇ ಅವನ್ನ ಉಪವಿಭಾಗವಾಗಿ ಸೇರಿಸಿದ್ರು.

ಸ್ಥಳೀಯ ಹೆಸರನ್ನ ಜಾಗತಿಕ ಕಾಲಕ್ಕೆ ಕಟ್ಟೋವಾಗ ಏನೆಲ್ಲ ಆಗಬಹುದು? ಇದಕ್ಕೆ ವಿಂಧ್ಯದ ಪ್ರಕರಣದಷ್ಟು ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1998. ಒಂದೇ ವರ್ಷದಲ್ಲಿ ಎರಡು ಬಾಂಬ್. ಝೈಲಾಕರ್, ಬೋಸ್, ಫ್ಲೂಗರ್ ಮೂವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ್ರು: ಮಧ್ಯಪ್ರದೇಶದ ಚೋರ್ಹಟ್ ಮರಳುಗಲ್ಲಿನಲ್ಲಿ ಹುಳು ಕೊರೆದಂಥ ಜಾಡು ಇದೆ, ಬಂಡೆ 110 ಕೋಟಿ ವರ್ಷದ್ದು. ನಿಜ ಆಗಿದ್ರೆ ಪ್ರಾಣಿಗಳ ಇತಿಹಾಸ ಎರಡರಷ್ಟು ಉದ್ದ ಆಗ್ತಿತ್ತು. ಅದೇ ವರ್ಷ ಡೆಹ್ರಾಡೂನಿನ ರಫತ್ ಅಜ್ಮಿ ನಮ್ಮ ಬೆಂಗಳೂರಿನಿಂದ ಬರೋ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ ಬರೆದ್ರು: ಅದೇ ಕೆಳ ವಿಂಧ್ಯದಲ್ಲಿ ಕೇಂಬ್ರಿಯನ್ ಕಾಲದ ಪುಟ್ಟ ಚಿಪ್ಪುಗಳು ಸಿಕ್ಕಿವೆ. ಅಂದ್ರೆ ಬಂಡೆ ಬರೀ 54 ಕೋಟಿ ವರ್ಷದ್ದು!

ಒಂದೇ ಬಂಡೆ. ಒಬ್ಬರ ಲೆಕ್ಕ ಇನ್ನೊಬ್ಬರದರ ಎರಡು ಪಟ್ಟು. ಅಜ್ಮಿ ಅವರ ಪಳೆಯುಳಿಕೆಗಳು ನಿಜವೇ ಅನ್ನೋ ಅನುಮಾನವೂ ಎದ್ದಿತು. ಒಬ್ಬ ವಿಜ್ಞಾನಿಗೆ ಇದಕ್ಕಿಂತ ಭಾರದ ಮಾತಿಲ್ಲ.

2002ರಲ್ಲಿ ಎರಡು ಬೇರೆ ಬೇರೆ ತಂಡಗಳು ಕೆಳ ವಿಂಧ್ಯದ ಜ್ವಾಲಾಮುಖಿ ಬೂದಿಯ ಪದರಗಳಿಂದ ಜಿರ್ಕಾನ್ ತೆಗೆದು ಅಳೆದವು. ಎರಡಕ್ಕೂ ಬಂದ ಉತ್ತರ ಸುಮಾರು 163 ಕೋಟಿ ವರ್ಷ. ಅಂದ್ರೆ 1998ರ ಎರಡೂ ಲೆಕ್ಕ ತಪ್ಪಿತ್ತು. ಚೋರ್ಹಟ್ ಜಾಡು ಹುಳುವಿನದು ಅನ್ನೋದನ್ನ ನಂಬೋದು ಇನ್ನೂ ಕಷ್ಟ ಆಯ್ತು. ಅಜ್ಮಿ? ಸ್ವೀಡನ್‌ನ ಸ್ಟೀಫನ್ ಬೆಂಗ್ಟ್‌ಸನ್ ತಂಡ ಚಿತ್ರಕೂಟಕ್ಕೆ ಬಂದು ಮತ್ತೆ ಕಲ್ಲು ಸಂಗ್ರಹಿಸಿ, ಎಕ್ಸ್‌ರೇಯಲ್ಲಿ ಒಳಗೆ ನೋಡಿ, 2009ರಲ್ಲಿ ಹೇಳ್ತು: ಪಳೆಯುಳಿಕೆಗಳು ಅಪ್ಪಟ ನಿಜ. ಆದ್ರೆ ಅವು ಕೇಂಬ್ರಿಯನ್ ಚಿಪ್ಪುಗಳಲ್ಲ, 160 ಕೋಟಿ ವರ್ಷದ ಹಿಂದಿನ ಬೇರೆ ಜೀವಿಗಳು. 2017ರಲ್ಲಿ ಅದೇ ಜಾಗದ ಕೆಂಪು ಪಾಚಿಯಂಥ ಒಂದು ಪಳೆಯುಳಿಕೆಗೆ ಹೆಸರಿಟ್ರು. ರಫತಾಜ್ಮಿಯಾ ಚಿತ್ರಕೂಟೆನ್ಸಿಸ್. ಹೆಸರಲ್ಲೇ ಇದ್ದಾರೆ ನೋಡಿ ರಫತ್ ಅಜ್ಮಿ.

ಕಥೆಗೆ ಒಂದು ಬಾಲಂಗೋಚಿ ಇದೆ. ಭೀಮ್‌ಬೆಟ್ಕಾದ ಗುಹೆಯ ಗೋಡೆ ಮೇಲೆ ಡಿಕಿನ್‌ಸೋನಿಯ ಅನ್ನೋ ಸುಮಾರು 55 ಕೋಟಿ ವರ್ಷ ಹಿಂದಿನ ಜೀವಿಯ ಅಚ್ಚು ಸಿಕ್ತು ಅಂತ 2021ರಲ್ಲಿ ದೊಡ್ಡ ಸುದ್ದಿ ಆಗಿತ್ತು, ನೆನಪಿದೆಯಾ? ಅದು ಮೇಲಿನ ವಿಂಧ್ಯದ ಕಲ್ಲು, ಹಾಗಾಗಿ ಇಡೀ ಮೇಲಿನ ವಿಂಧ್ಯದ ವಯಸ್ಸು ಇಳಿಸ್ಬೇಕು ಅನ್ನೋ ಮಾತು ಬಂತು. 2023ರಲ್ಲಿ ಬೇರೆ ತಂಡ ಹೋಗಿ ನೋಡಿದ್ರೆ ಅದು ಗೋಡೆಗೆ ಅಂಟಿದ್ದ ಹೆಜ್ಜೇನು ಗೂಡಿನ ಗುರುತು, ಆಗಲೇ ಕಿತ್ತು ಬರ್ತಿತ್ತು. ಒಂದು ಜೇನುಗೂಡು ಒಂದು ಪರ್ವತಶ್ರೇಣಿಯ ವಯಸ್ಸನ್ನ ಎರಡು ವರ್ಷ ಅಲ್ಲಾಡಿಸ್ತು.

ಇದುವರೆಗೆ ಹೇಳಿದ್ದೆಲ್ಲ ಜಾಗತಿಕ ಪಟ್ಟಿಗೆ ಸೇರದ ನಮ್ಮ ಹೆಸರುಗಳು. ಒಂದು ಸೇರಿದೆ. 2018ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ನಾವು ಈಗ ಬದುಕ್ತಿರೋ ಕಾಲಕ್ಕೆ ಅಧಿಕೃತವಾಗಿ ಮೇಘಾಲಯನ್ ಅಂತ ಹೆಸರಿಟ್ಟಿತು. ಸುಮಾರು 4200 ವರ್ಷದ ಹಿಂದೆ ಶುರುವಾಗಿ ಇವತ್ತಿನವರೆಗೆ. ಇದರ ಗುರುತುಕಲ್ಲು ಚಿರಾಪುಂಜಿಯ ಹತ್ತಿರದ ಮಾವ್‌ಮ್ಲೂ ಗುಹೆ. ಮೇಲಿಂದ ತೊಟ್ಟಿಕ್ಕೋ ನೀರಿನಿಂದ ಗುಹೆಯ ನೆಲದಲ್ಲಿ ಎದ್ದು ನಿಲ್ಲೋ ಸುಣ್ಣದ ಕಂಬ ಇದೆಯಲ್ಲ, ಅದರೊಳಗಿನ ಆಮ್ಲಜನಕದ ಐಸೋಟೋಪ್‌ಗಳಲ್ಲಿ ಮಳೆಯ ಲೆಕ್ಕ ಬರೆದಿರುತ್ತೆ. ಆ ಕಂಬದ ಒಂದು ಜಾಗದಲ್ಲಿ ಮುಂಗಾರು ಸೊರಗಿದ ಗುರುತಿದೆ. ಈಜಿಪ್ಟ್, ಮೆಸೊಪೊಟೇಮಿಯಾ, ಸಿಂಧೂ ಕಣಿವೆಯವರೆಗೆ ಆ ಕಾಲದ ಬರದ ಬಗ್ಗೆ ಮಾತಾಡ್ತಾರೆ. ಎಲ್ಲ ಊರಿಗೂ ಗೊತ್ತಿರೋ ಒಂದು ಬರಗಾಲ ಬೇಕು ಅಂತ ಶುರುವಿನಲ್ಲಿ ಹೇಳಿದ್ನಲ್ಲ, ಇಲ್ಲಿ ಅಕ್ಷರಶಃ ಅದೇ ಸಿಕ್ಕಿದೆ.

ಇದನ್ನ ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ಆ ಬರ ನಿಜಕ್ಕೂ ಎಲ್ಲ ಕಡೆ ಒಟ್ಟಿಗೇ ಬಂತಾ, ಅಷ್ಟು ದೊಡ್ಡದಾಗಿತ್ತಾ ಅಂತ ವಾದ ಮಾಡೋ ವಿಜ್ಞಾನಿಗಳೂ, ಪುರಾತತ್ವದವರೂ ಇದ್ದಾರೆ. ಚಿರಾಪುಂಜಿಯ ಒಂದು ಕಂಬದ ಲೆಕ್ಕ ಪೆರುವಿಗೆ, ಆಸ್ಟ್ರೇಲಿಯಾಕ್ಕೆ ಎಷ್ಟರ ಮಟ್ಟಿಗೆ ಒಪ್ಪುತ್ತೆ ಅನ್ನೋದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ ಅಂತಲೇ ನನಗನ್ಸುತ್ತೆ. ಡೆವನ್‌ಗೂ ಇದೇ ಪ್ರಶ್ನೆ ಕೇಳಿದ್ರು, ಧಾರವಾಡಕ್ಕೂ ಕೇಳಿದ್ರು.

ಕೊನೆಗೆ ಒಂದು ಕೆಲಸ ಕೊಡ್ತೀನಿ. ನಿಮ್ಮೂರಿನ ಹತ್ತಿರ ಹೊಸದಾಗಿ ರಸ್ತೆಗೆ ಕೊರೆದ ಗುಡ್ಡ ಇದ್ರೆ, ನೈಸ್ ಒಳಗೆ ಕಪ್ಪು ತುಂಡುಗಳು ಕಂಡ್ರೆ, ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದು, ಜಾಗದ ಹೆಸರು ಹಾಕಿ ಕಳಿಸಿ. ಚೂರು ಒಡೆದು ತರೋದು ಬೇಡ. ಲಾಲ್‌ಬಾಗ್ ಬಂಡೆಯಲ್ಲಿ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬು ಲಾವಾದಲ್ಲಿ ಅಂತೂ ಮುಟ್ಟಲೇಬೇಡಿ, ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಮುಂದಿನ ಸಂಚಿಕೆಯಲ್ಲಿ ಗೋಡಂಬಿ ಯಾವುದು, ಪಾಕ ಯಾವುದು ಅಂತ ನಿಮ್ಮ ಫೋಟೋಗಳನ್ನೇ ಇಟ್ಕೊಂಡು ಮಾತಾಡೋಣ.